ಗ್ರಂಥಾಲಯದ ಬೀಗ ತೆರೆಸಿದ ಮಹನೀಯ: ಎಸ್. ಆರ್. ರಂಗನಾಥನ್

ಹೋಟೆಲಿನ ಬಾಗಿಲು ಬೆಳಗಿನ ಜಾವ ತೆರೆಯುವುದು ಯಾರಿಗಾಗಿ? ಮೊದಲ ಪಾಳಿಗೆ ಹೊರಟ ಕೆಲಸಗಾರನಿಗಾಗಿ, ಮೊದಲ ಲೋಕಲ್ ಗಾಡಿ ಹಿಡಿಯುವ ಗುಮಾಸ್ತನಿಗಾಗಿ. ಮಾಲೀಕನಿಗೆ ಆರಾಮವಾದ ಹೊತ್ತಿನಲ್ಲಿ ಬಾಗಿಲು ತೆರೆಯುವ ಹೋಟೆಲು ಮೂರು ತಿಂಗಳಲ್ಲಿ ಮುಚ್ಚಿಹೋಗುತ್ತದೆ. ಈ ಮಾತು ನಮ್ಮ ಓದುಗರಿಗೆ ಯಾರೂ ಕಲಿಸಬೇಕಾದದ್ದಲ್ಲ. ಆದರೆ ಹಸಿದವನ ಹೊತ್ತು ನೋಡಿ ಅನ್ನ ಬಡಿಸಬೇಕೆಂಬ ಈ ಸಾಮಾನ್ಯ ಧರ್ಮವು ಪುಸ್ತಕದ ಮನೆಗಳಿಗೂ ಸಲ್ಲುತ್ತದೆಂದು ನಮ್ಮ ದೇಶಕ್ಕೆ ತಿಳಿಸಿ ಹೇಳಲು ಒಬ್ಬ ಮಹನೀಯರು ತಮ್ಮ ಅರ್ಧ ಶತಮಾನವನ್ನೇ ಸವೆಸಬೇಕಾಯಿತು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್. ಆಗಸ್ಟ್ 12ನೆಯ ದಿನವನ್ನು ಅವರ ಹೆಸರಿನಲ್ಲಿ ಗ್ರಂಥಪಾಲಕರ ದಿನವೆಂದು ದೇಶವೆಲ್ಲ ಆಚರಿಸುತ್ತದೆ. ಆ ದಿನ ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಆದರೆ ಅವರು ಏನು ಮಾಡಿದರೆಂಬುದು ಮಾಲೆ ಹಾಕಿದವರಲ್ಲಿಯೇ ಅನೇಕರಿಗೆ ತಿಳಿದಿರುವುದಿಲ್ಲ.

ಈ ಚರಿತ್ರೆಯನ್ನು ಬರೆಯಲು ನಮಗೆ ಸ್ವಂತದ ಒಂದು ಕಾರಣವೂ ಉಂಟು. ಎಸ್. ಎಸ್. ಎಲ್. ಸಿ. ಮುಗಿಸಿ ಊರು ಬಿಟ್ಟು ಬಂದು ಈ ಶಹರದ ಹೋಟೆಲೊಂದರಲ್ಲಿ ಮೇಜು ಒರೆಸುತ್ತಿದ್ದ ಕಾಲದಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ ಗಿರಾಕಿಗಳು ಕಡಿಮೆಯಾದಾಗ ನಾವು ಸಮೀಪದ ಒಂದು ವಾಚನಾಲಯಕ್ಕೆ ಹೋಗಿದ್ದೆವು. ಕನ್ನಡ ಪುಸ್ತಕಗಳಿದ್ದ ಕಪಾಟು ಗಾಜಿನದು; ಒಳಗಿನ ಹೆಸರುಗಳೆಲ್ಲ ಕಾಣುತ್ತಿದ್ದವು. ಕಪಾಟಿಗೆ ಬೀಗವಿತ್ತು. ಬೀಗದ ಕೈ ಇದ್ದವರು ಸಂಜೆ ಆರರ ಮೇಲೆ ಬರುವವರು. ನಮಗೋ ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ದುಡಿಮೆ. ಠೇವಣಿ ಹಣವೂ, ಗೊತ್ತಿದ್ದ ಇಬ್ಬರ ರುಜುವೂ ಬೇಕೆಂದು ಬೇರೆ ತಿಳಿಸಿದರು. ಅಲ್ಲಿದ್ದವರು ಕೆಟ್ಟವರಲ್ಲ, ಪುಸ್ತಕಗಳನ್ನು ಕಾಯುವುದೇ ತಮ್ಮ ಕರ್ತವ್ಯವೆಂದು ಅವರು ನಂಬಿದ್ದರು. ಆ ನಂಬಿಕೆಯನ್ನೇ ರಂಗನಾಥನ್‌ರವರು ತಮ್ಮ ಜೀವಮಾನವೆಲ್ಲ ಎದುರಿಸಿದರೆಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಅನಂತರ.

ರಂಗನಾಥನ್‌ರವರು ಜನಿಸಿದ್ದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ. ಆ ಊರಿನ ಇಂದಿನ ಹೆಸರು ಸೀರ್ಕಾಳಿ. ಭತ್ತದ ಗದ್ದೆಗಳ ನಡುವಿನ ಆ ಊರಿನಲ್ಲಿ ತಂದೆ ರಾಮಾಮೃತ ಅಯ್ಯರ್ ಅಲ್ಪಸ್ವಲ್ಪ ಭೂಮಿಯುಳ್ಳವರು. ಊರ ಜನರನ್ನು ಕೂಡಿಸಿಕೊಂಡು ರಾಮಾಯಣದ ಪ್ರವಚನ ಮಾಡುತ್ತಿದ್ದವರು. ಹುಡುಗನಿಗೆ ಆರು ವರ್ಷವಾಗಿರುವಾಗ, 1898ರಲ್ಲಿ, ತಂದೆ ಇನ್ನೂ ತಾರುಣ್ಯದಲ್ಲಿರುವಾಗಲೇ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿಯವರ ಆಶ್ರಯದಲ್ಲಿ ಬೆಳೆದ ಈ ಬಾಲಕನಿಗೆ ಮಾತು ತೊದಲುತ್ತಿತ್ತು. ಶರೀರವೂ ಅಷ್ಟೇನು ಗಟ್ಟಿಯಾದುದಲ್ಲ. ಆದರೆ ಓದಿನ ಹಟ ದೊಡ್ಡದು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗಮಾಡಿ 1916ರಲ್ಲಿ ಎಂ. ಎ. ಪದವಿಯನ್ನು ಪಡೆದರು. ಅಲ್ಲಿ ಅವರಿಗೆ ದೊರೆತ ಗುರುಗಳು ಎಡ್ವರ್ಡ್ ರಾಸ್ ಎಂಬ ಗಣಿತದ ಪ್ರಾಧ್ಯಾಪಕರು. ಆ ಗುರುಗಳ ಮೇಲಿನ ಭಕ್ತಿಯನ್ನು ಶಿಷ್ಯರು ಕಡೆಯವರೆಗೂ ಬಿಡಲಿಲ್ಲ. ತರುವಾಯ ಸೈದಾಪೇಟೆಯ ಕಾಲೇಜಿನಲ್ಲಿ ಅಧ್ಯಾಪಕರ ತರಬೇತಿಯನ್ನೂ ಮುಗಿಸಿದರು.

ಅವರ ಮೊದಲ ನೌಕರಿ ದೊರೆತ ಊರಿನ ಹೆಸರನ್ನು ಕೇಳಿದರೆ ನಮ್ಮ ಓದುಗರಲ್ಲಿ ಅನೇಕರ ಮುಖ ಅರಳೀತು. ಅದು ಮಂಗಳೂರು. 1917ರಲ್ಲಿ ಅಲ್ಲಿನ ಸರ್ಕಾರಿ ಕಾಲೇಜಿಗೆ ಅಧ್ಯಾಪಕರಾಗಿ ಅವರು ಬಂದರು. ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಕಾಲೇಜು ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿರುವ ಕಾಲೇಜೇ ಅದು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದಿತಾದುದರಿಂದ ತಂಜಾವೂರಿನ ತರುಣನು ನೇತ್ರಾವತಿಯ ದಡಕ್ಕೆ ವರ್ಗವಾಗಿ ಬರುವುದು ಸಹಜವೇ ಆಗಿತ್ತು. ಮಾತು ತೊದಲುತ್ತಿದ್ದವರು ತರಗತಿಯ ಮುಂದೆ ನಿಂತು ಪಾಠ ಹೇಳುವ ಸಾಹಸಕ್ಕೆ ಇಳಿದುದು ನಮ್ಮ ಕಡಲ ಕರೆಯಲ್ಲಿ. ಅನಂತರ ಕೊಯಮತ್ತೂರಿನ ಕಾಲೇಜಿನಲ್ಲಿಯೂ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದರು. ವಿದ್ಯಾರ್ಥಿಗಳು ಅವರನ್ನು ಮೆಚ್ಚಿದ್ದರು. ಅವರಿಗೂ ಆ ಕಸುಬು ಪ್ರಿಯವಾಗಿತ್ತು. ಕೊರತೆಯೊಂದೇ, ಸಂಬಳದ್ದು.

ಆ ಸಮಯದಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಗ್ರಂಥಪಾಲರೊಬ್ಬರು ಬೇಕೆಂದು ಪ್ರಕಟಿಸಿತು. ಸಂಬಳ ಚೆನ್ನಾಗಿತ್ತು. ಮಿತ್ರರ ಒತ್ತಾಯದಿಂದ ರಂಗನಾಥನ್‌ರವರೂ ಅರ್ಜಿ ಹಾಕಿದರು. ಸುಮಾರು 900 ಅರ್ಜಿಗಳು ಬಂದಿದ್ದವೆಂದು ಹೇಳುತ್ತಾರೆ. ಆ ವಿದ್ಯೆಯಲ್ಲಿ ಶಿಕ್ಷಣ ಪಡೆದವರು ಅಷ್ಟು ಜನರಲ್ಲಿ ಒಬ್ಬರೂ ಇರಲಿಲ್ಲ. ಆಯ್ಕೆ ಇವರ ಪಾಲಿಗೆ ಬಂತು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅವರಿಗೆ ಆ ಕೆಲಸ ಸೆರೆಮನೆಯಂತೆ ಕಂಡಿತು. ಪುಸ್ತಕಗಳಿದ್ದವು, ಓದುವವರು ಬರುತ್ತಿರಲಿಲ್ಲ. ದಿನವಿಡೀ ಕುಳಿತು ನೊಣ ಹೊಡೆಯುವ ಕೆಲಸ. ಬೇಸರ ತಾಳಲಾರದೆ ಪ್ರೆಸಿಡೆನ್ಸಿ ಕಾಲೇಜಿನ ಮುಖ್ಯಸ್ಥರ ಬಳಿಗೆ ಹೋಗಿ ತಮ್ಮ ಹಳೆಯ ಕೆಲಸವನ್ನೇ ತಮಗೆ ಹಿಂದಿರುಗಿಸಬೇಕೆಂದು ಬೇಡಿಕೊಂಡರು. ಗ್ರಂಥಪಾಲನ ವಿದ್ಯೆಯನ್ನು ಕಲಿಯುವುದಕ್ಕಾಗಿ ಅವರು ಲಂಡನ್ನಿಗೆ ಹೋಗಬೇಕೆಂಬುದು ಮೊದಲೇ ಗೊತ್ತಾಗಿತ್ತು. ಹೋಗಿ ಬಂದ ಮೇಲೂ ಬೇಸರ ಉಳಿದಿದ್ದರೆ ಆಗ ನೋಡೋಣವೆಂದು ಹಿರಿಯರು ಸಮಾಧಾನ ಹೇಳಿ ಕಳುಹಿಸಿದರು. ಒಂದು ದೇಶದ ಗ್ರಂಥಾಲಯಗಳ ಭವಿಷ್ಯವು ಹೀಗೆ ಒಬ್ಬ ಹಿರಿಯರ ಸಾಂತ್ವನದ ಮಾತಿನ ಮೇಲೆ ತೂಗಿ ನಿಂತಿತ್ತು.

ಲಂಡನ್ನಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ಅನುಭವಿಗಳು ಅವರಿಗೆ ದಾರಿ ತೋರಿದರು. ತರಗತಿಗಿಂತ ಹೆಚ್ಚಾಗಿ ರಂಗನಾಥನ್‌ರವರಿಗೆ ಪಾಠ ಹೇಳಿದ್ದು ಆ ದೇಶದ ಊರೂರುಗಳ ಗ್ರಂಥಾಲಯಗಳು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಅವರು ಸುತ್ತಿ ನೋಡಿದರು. ಅಲ್ಲಿ ಮಕ್ಕಳಿಗೆ ಬೇರೆ ಕೋಣೆ, ಕಾರ್ಮಿಕನಿಗೆ ಅವನ ಕಸುಬಿನ ಪುಸ್ತಕ, ಗೃಹಿಣಿಗೆ ಅವಳ ಪುಸ್ತಕ, ದೂರದ ಹಳ್ಳಿಗೆ ಪೆಟ್ಟಿಗೆಯಲ್ಲಿ ಹೋಗುವ ಪುಸ್ತಕ. ಗ್ರಂಥಾಲಯವೆಂದರೆ ಪಂಡಿತರ ಉಗ್ರಾಣವಲ್ಲ, ಊರಿನ ಕೆರೆಯಂತೆ ಎಲ್ಲರೂ ನೀರು ತುಂಬುವ ಸ್ಥಳ ಎಂಬ ಅರಿವು ಅವರಲ್ಲಿ ಮೂಡಿತು. ಆದರೆ ಅಲ್ಲಿಯೂ ಅವರು ಎರಡು ದೋಷಗಳನ್ನು ಕಂಡರು. ಒಂದೊಂದು ಗ್ರಂಥಾಲಯ ಒಂದೊಂದು ರೀತಿ ನಡೆಯುತ್ತಿತ್ತು. ಎಲ್ಲಕ್ಕೂ ಬುನಾದಿಯಾಗುವ ತತ್ತ್ವವಿರಲಿಲ್ಲ. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಕ್ರಮವೂ ಅವರ ಗಣಿತದ ಬುದ್ಧಿಗೆ ಒಗ್ಗಲಿಲ್ಲ.

ಈ ಎರಡನೆಯ ತೊಡಕಿಗೆ ಪರಿಹಾರ ಸಿಕ್ಕಿದುದು ಒಂದು ಅಂಗಡಿಯಲ್ಲಿ. ಲಂಡನ್ನಿನ ಸೆಲ್ಫ್ರಿಜಸ್ ಎಂಬ ದೊಡ್ಡ ಮಳಿಗೆಯಲ್ಲಿ ಮೆಕಾನೊ ಎಂಬ ಆಟಿಕೆಯನ್ನು ಮಾರುವವನು ತೋರಿಸುತ್ತಿದ್ದನು. ಅವೇ ಕಬ್ಬಿಣದ ಪಟ್ಟಿಗಳು, ಅವೇ ತಿರುಪುಗಳು, ಅವೇ ಗಾಲಿಗಳು. ಒಂದು ಸಲ ಜೋಡಿಸಿದರೆ ಸೇತುವೆ, ಇನ್ನೊಂದು ಸಲ ಜೋಡಿಸಿದರೆ ಬಂಡಿ. ಪುಸ್ತಕದ ವಿಷಯಗಳೂ ಹೀಗೆಯೇ ಕೆಲವು ಮೂಲ ಅಂಶಗಳ ಜೋಡಣೆಯೇ ಸರಿ ಎಂಬುದು ಅವರಿಗೆ ಹೊಳೆಯಿತು. ನಮ್ಮ ಅಡಿಗೆ ಭಟ್ಟರಿಗೆ ಇದು ಹೊಸದಲ್ಲ. ಅಕ್ಕಿ, ಉದ್ದು, ಉಪ್ಪು, ಮೆಣಸು, ತೆಂಗಿನಕಾಯಿ ಇಷ್ಟರಿಂದಲೇ ಇಡ್ಲಿ, ದೋಸೆ, ಉತ್ತಪ್ಪ, ಪಡ್ಡು ಎಂದು ಹತ್ತಾರು ತಿಂಡಿಗಳು ಏಳುತ್ತವೆ. ನಾಳೆ ಹೊಸ ತಿಂಡಿ ಬಂದರೂ ಅದಕ್ಕೆ ಹೊಸ ಉಗ್ರಾಣ ಕಟ್ಟಬೇಕಾಗಿಲ್ಲ. ಹಾಗೆಯೇ ಭತ್ತದ ಬೆಳೆಗೆ ತಗಲುವ ರೋಗ, ಆ ರೋಗಕ್ಕೆ ಮದ್ದು, ಅದು ಯಾವ ದೇಶದಲ್ಲಿ, ಯಾವ ಕಾಲದಲ್ಲಿ ಎಂಬ ಅಂಶಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ಅಕ್ಷರ ಅಂಕೆಗಳ ನಡುವೆ ಎರಡು ಚುಕ್ಕೆಯ ಕೋಲನ್ ಚಿಹ್ನೆಯನ್ನಿಟ್ಟು ಜೋಡಿಸಿದರೆ, ಯಾವ ಹೊಸ ಪುಸ್ತಕಕ್ಕೂ ತಕ್ಕ ಸ್ಥಾನ ತಾನಾಗಿಯೇ ಸಿಕ್ಕುತ್ತದೆ. ಇದೇ 1933ರಲ್ಲಿ ಅಚ್ಚಾಗಿ ಹೊರಬಂದ ಕೋಲನ್ ವರ್ಗೀಕರಣ. ಇದರಿಂದಲೇ ಹೊರದೇಶದ ವಿದ್ವಾಂಸರು ಅವರ ಹೆಸರನ್ನು ಮೊದಲು ಕೇಳಿದರು.

1925ರ ಜುಲೈಯಲ್ಲಿ ಮದರಾಸಿಗೆ ಮರಳಿದ ರಂಗನಾಥನ್‌ರವರು ಹಳೆಯ ಕೆಲಸವನ್ನು ಮತ್ತೆ ಕೇಳಲಿಲ್ಲ. ಮುಂದಿನ ಸುಮಾರು 20 ವರ್ಷ ಒಂದು ದಿನವೂ ರಜೆ ಪಡೆಯದೆ ಅಲ್ಲಿಯೇ ದುಡಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅವರು ಮಾಡಿದ ಬದಲಾವಣೆಗಳು ಕೇಳಲು ಚಿಕ್ಕವು. ಕಪಾಟುಗಳನ್ನು ತೆರೆದಿಟ್ಟು ಓದುಗನೇ ಕೈಯಿಟ್ಟು ಪುಸ್ತಕ ಆರಿಸಿಕೊಳ್ಳುವಂತೆ ಮಾಡಿದರು. ಬೆಳಗಿನಿಂದ ಸಂಜೆಯವರೆಗೆ, ರಜಾದಿನಗಳಲ್ಲಿಯೂ ಗ್ರಂಥಾಲಯದ ಬಾಗಿಲು ತೆರೆದಿರಬೇಕೆಂದು ಗೊತ್ತುಮಾಡಿದರು. ದಿಕ್ಕು ತಿಳಿಯದೆ ನಿಂತ ಓದುಗನ ಬಳಿಗೆ ತಾನಾಗಿ ಹೋಗಿ ವಿಚಾರಿಸುವುದು ಸಿಬ್ಬಂದಿಯ ಕೆಲಸವೆಂದು ವಿಧಿಸಿದರು. 1928ರ ಜನವರಿ 30ರಂದು ಮದರಾಸು ಗ್ರಂಥಾಲಯ ಸಂಘವು ಸ್ಥಾಪನೆಯಾಗಲು ಮುಖ್ಯ ಕಾರಣರಾದರು. ಮರುವರ್ಷ ಗ್ರಂಥಪಾಲರ ತರಬೇತಿಗೆ ಶಾಲೆಯೊಂದನ್ನು ತೆರೆಸಿದರು. 1936ರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಮರೀನಾ ಕಡಲ ತೀರದ ಎದುರಿಗೆ ಸ್ವಂತ ಕಟ್ಟಡವೂ ಆಯಿತು. ನೊಣ ಹೊಡೆಯುತ್ತ ಕುಳಿತ ಸ್ಥಳವನ್ನು ಜನ ತುಂಬಿದ ಸ್ಥಳವನ್ನಾಗಿ ಮಾಡಿದ ಮೇಲೆ ಬೇಸರಕ್ಕೆ ಅಲ್ಲಿ ಎಡೆಯೆಲ್ಲಿ?

ಆ ದಿನಗಳಲ್ಲಿಯೇ ಅವರು ತಮ್ಮ ಐದು ಸೂತ್ರಗಳನ್ನು ಕಟ್ಟಿದರು. 1928ರಲ್ಲಿ ಉಪನ್ಯಾಸವಾಗಿ ಹೇಳಿ 1931ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಈ ಸೂತ್ರಗಳನ್ನು ಪ್ರಪಂಚದ ಗ್ರಂಥಾಲಯ ಶಾಲೆಗಳಲ್ಲೆಲ್ಲ ಇಂದಿಗೂ ಕಲಿಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವುಗಳ ತಾತ್ಪರ್ಯವಿಷ್ಟು: ಪುಸ್ತಕವಿರುವುದು ಬಳಸುವುದಕ್ಕೇ ಹೊರತು ಕೂಡಿಡುವುದಕ್ಕಲ್ಲ. ಬಡವ, ಬಲ್ಲಿದ, ಹೆಣ್ಣು, ಗಂಡು, ಮಗು, ಮುದುಕ ಯಾರೇ ಆಗಲಿ, ಪ್ರತಿಯೊಬ್ಬನಿಗೂ ಅವನದೇ ಆದ ಪುಸ್ತಕ ದೊರೆಯಬೇಕು. ಪ್ರತಿಯೊಂದು ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ, ಅವನನ್ನು ಹುಡುಕಿ ತಲುಪಿಸಬೇಕು. ಓದುಗನ ಸಮಯವನ್ನು ಉಳಿಸಬೇಕು. ಗ್ರಂಥಾಲಯವು ಬೆಳೆಯುವ ಮಗುವಿನಂತೆ, ಅದಕ್ಕೆ ಹೊಲಿಸಿದ ಅಂಗಿಯನ್ನು ಕಾಲಕಾಲಕ್ಕೆ ಬದಲಿಸಬೇಕು.

ಈ ಐದನ್ನು ಓದಿದ ಹೋಟೆಲಿನವನಿಗೆ ಇದರಲ್ಲಿ ಕಠಿಣವಾದುದೇನೂ ತೋರುವುದಿಲ್ಲ. ತಿಂಡಿ ಗಾಜಿನ ಪೆಟ್ಟಿಗೆಯ ಅಲಂಕಾರಕ್ಕಲ್ಲ. ಎರಡು ರೂಪಾಯಿಯ ಗಿರಾಕಿಯೂ ಗಿರಾಕಿಯೇ. ಕಾದು ಕಾದು ಎದ್ದು ಹೋದವನು ಮರಳಿ ಬಾರನು. ಆದರೆ ಸಾವಿರಾರು ವರ್ಷಗಳ ಕಾಲ ಓಲೆಗರಿಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಪೂಜೆಗಿಟ್ಟ ನಮ್ಮ ದೇಶದಲ್ಲಿ, ಓದುವ ಹಕ್ಕು ಕೆಲವರಿಗಷ್ಟೇ ಎಂದು ನಂಬಿದ್ದ ಸಮಾಜದಲ್ಲಿ, ಈ ಸರಳವಾದ ಮಾತುಗಳು ಕ್ರಾಂತಿಯೇ ಆಗಿದ್ದವು. ಎರಡನೆಯ ಸೂತ್ರವನ್ನು ಒಪ್ಪಿದವನು ಕಸ ಗುಡಿಸುವವನ ಮಗನಿಗೂ ಕಪಾಟನ್ನು ತೆರೆಯಲೇಬೇಕಾಗುತ್ತದೆ.

ಸೂತ್ರವನ್ನು ಕಾಗದದ ಮೇಲೆಯೇ ಬಿಡಲಿಲ್ಲವೆಂಬುದಕ್ಕೆ ಮನ್ನಾರ್‌ಗುಡಿಯ ಎತ್ತಿನ ಗಾಡಿಯೇ ಸಾಕ್ಷಿ. ಓದುಗನು ಬರಲಾರದಿದ್ದರೆ ಪುಸ್ತಕವೇ ಹೋಗಬೇಕೆಂಬುದು ರಂಗನಾಥನ್‌ರವರ ಪಕ್ಷ. ನೀರಾವರಿಯ ಎಂಜಿನಿಯರಾಗಿದ್ದ ಕನಕಸಭೈ ಪಿಳ್ಳೆ ಎಂಬ ಉದಾರಿಗಳು ಗಾಡಿಯೊಂದನ್ನು ಕಪಾಟುಗಳ ಸಮೇತ ಮಾಡಿಸಿಕೊಟ್ಟರು. 1931ರ ಅಕ್ಟೋಬರ್ 21ರಂದು ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಿಂದ ಅದು ಹೊರಟಿತು. ಎರಡು ಎತ್ತುಗಳು, ಒಬ್ಬ ಗಾಡಿಯವನು, ಒಬ್ಬ ಗ್ರಂಥಪಾಲ, ಗಾಡಿ ತುಂಬ ಪುಸ್ತಕ. ಸುತ್ತಮುತ್ತಲಿನ ಹಳ್ಳಿಗಳಲ್ಲಿ ಅರಳಿಕಟ್ಟೆಯ ನೆರಳಿನಲ್ಲಿಯೋ ದೇವಾಲಯದ ಮುಂದೆಯೋ ಗಾಡಿ ನಿಂತರೆ ಓದಬಲ್ಲವರು ಪುಸ್ತಕ ಒಯ್ಯುತ್ತಿದ್ದರು. ಓದಲಾರದವರಿಗೆ ಓದಿ ಹೇಳುವ ಏರ್ಪಾಡೂ ಇತ್ತು. ಅಕ್ಷರ ಬಾರದವನಿಗೂ ಪುಸ್ತಕದಲ್ಲಿ ಪಾಲುಂಟೆಂಬುದು ಇದರ ಅರ್ಥ. ಬೇರೆ ದೇಶಗಳಲ್ಲಿ ಮೋಟಾರು ಗಾಡಿಗಳು ಮಾಡುತ್ತಿದ್ದ ಕೆಲಸವನ್ನು ನಮ್ಮ ಎತ್ತುಗಳಿಂದ ಮಾಡಿಸಿದ ಆ ವಿವೇಕವನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ಮೋಟಾರು ಬರಲೆಂದು ಕಾದಿದ್ದರೆ ಆ ಹಳ್ಳಿಗಳು ಇನ್ನೂ ಎಷ್ಟು ವರ್ಷ ಕಾಯಬೇಕಾಗುತ್ತಿತ್ತೋ!

ಆದರೆ ದಾನಿಗಳ ಕೃಪೆಯಿಂದ ಓಡುವ ಗಾಡಿ ದಾನಿಯೊಡನೆಯೇ ನಿಂತುಹೋಗಬಹುದು. ಅನ್ನಛತ್ರ ಬೇರೆ, ಹಕ್ಕಿನ ಅನ್ನ ಬೇರೆ. ಇದನ್ನು ಮನಗಂಡ ರಂಗನಾಥನ್‌ರವರು ಗ್ರಂಥಾಲಯಕ್ಕೆ ಕಾನೂನಿನ ಆಸರೆಯೂ ಕರದ ಆದಾಯವೂ ಬೇಕೆಂದು ಹಟ ತೊಟ್ಟರು. 1930ರ ಡಿಸೆಂಬರಿನಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಮಾದರಿ ಗ್ರಂಥಾಲಯ ಮಸೂದೆಯೊಂದನ್ನು ಇಟ್ಟರು. ಮದರಾಸಿನ ಶಾಸನ ಸಭೆಯಲ್ಲಿ ಬಷೀರ್ ಅಹಮದ್ ಸಯೀದ್ ಎಂಬವರು ಅಂತಹ ಮಸೂದೆಯನ್ನು ತಂದರಾದರೂ ಅದು ಕಾನೂನಾಗಲಿಲ್ಲ. ವರ್ಷಗಳು ಉರುಳಿದವು, ಮಹಾಯುದ್ಧ ಬಂದು ಹೋಯಿತು, ಸ್ವಾತಂತ್ರ್ಯ ಬಂತು. ಅವಿನಾಶಿಲಿಂಗಂ ಚೆಟ್ಟಿಯಾರರು ಮದರಾಸಿನ ವಿದ್ಯಾಮಂತ್ರಿಗಳಾಗಿದ್ದಾಗ, 1948ರಲ್ಲಿ, ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನ ಅಂಗೀಕೃತವಾಯಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನವಿದು. ಮನೆ ಕಟ್ಟಡಗಳ ತೆರಿಗೆಯೊಡನೆ ಚಿಕ್ಕದೊಂದು ಗ್ರಂಥಾಲಯ ಕರವನ್ನು ಎತ್ತಿ, ಆ ಹಣದಿಂದ ಪ್ರತಿ ಜಿಲ್ಲೆಯಲ್ಲಿಯೂ ಗ್ರಂಥಾಲಯ ಪ್ರಾಧಿಕಾರವನ್ನು ನಡೆಸುವ ಏರ್ಪಾಡು ಅದರಲ್ಲಿತ್ತು. 18 ವರ್ಷ ಹಿಡಿದ ಸಾಧನೆ ಅದು.

ಇಲ್ಲಿ ನಮ್ಮವರು ನೆನಪಿನಲ್ಲಿಡಬೇಕಾದ ಸಂಗತಿಯೊಂದಿದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯದಲ್ಲಿಯೇ ಇದ್ದಿತು. ಆದುದರಿಂದ ಉಡುಪಿ, ಕುಂದಾಪುರ, ಕಾರ್ಕಳ, ಪುತ್ತೂರುಗಳಿಂದ ಹೊರಟು ದೇಶದ ಮೂಲೆಮೂಲೆಗಳಲ್ಲಿ ಹೋಟೆಲು ತೆರೆದ ನಮ್ಮ ಹಿರಿಯರ ಊರುಗಳು ಈ ಮೊದಲ ಶಾಸನದ ನೆರಳಿಗೆ ಮೊದಲಲ್ಲಿಯೇ ಬಂದಂಥವು. ಅಂದು ಮಂಗಳೂರಿನಲ್ಲಿ ಪಾಠ ಹೇಳಿ ಹೋದ ತರುಣ ಅಧ್ಯಾಪಕರ ಋಣ ಈ ರೀತಿಯಲ್ಲಿ ನಮ್ಮ ಜಿಲ್ಲೆಗೆ ತಲುಪಿತು.

ಇಷ್ಟರೊಳಗೆ ರಂಗನಾಥನ್‌ರವರು ಮದರಾಸನ್ನು ಬಿಟ್ಟಿದ್ದರು. ಅವರ ಸ್ವಭಾವ ಮೃದುವಾದುದಲ್ಲ. ತಾವು ದುಡಿದಷ್ಟೇ ಇತರರೂ ದುಡಿಯಬೇಕೆಂಬ ನಿರೀಕ್ಷೆ, ಒಪ್ಪದವರೊಡನೆ ಒಪ್ಪಂದವಿಲ್ಲ. ಇಂತಹವರಿಗೆ ಶಿಷ್ಯರು ಸಿಕ್ಕುವಂತೆ ವಿರೋಧಿಗಳೂ ಸಿಕ್ಕುತ್ತಾರೆ. 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಬಹುತೇಕ ಒಬ್ಬರೇ ಕುಳಿತು ವಿಂಗಡಿಸಿದರು. ಆಗ ಅವರ ವಯಸ್ಸು 50 ದಾಟಿತ್ತು. 1947ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯ ಅವರನ್ನು ಕರೆಸಿಕೊಂಡಿತು. ಅವರು ದಿಲ್ಲಿಯಲ್ಲಿದ್ದ ಕಾಲದಲ್ಲಿಯೇ, 1951ರ ಅಕ್ಟೋಬರ್ 27ರಂದು, ಯುನೆಸ್ಕೋ ಸಂಸ್ಥೆಯ ಸಹಾಯದಿಂದ ದಿಲ್ಲಿ ಸಾರ್ವಜನಿಕ ಗ್ರಂಥಾಲಯವನ್ನು ಪಂಡಿತ ನೆಹರೂರವರು ಉದ್ಘಾಟಿಸಿದರು. ಚಂದಾ ಇಲ್ಲದೆ ಪುಸ್ತಕ ಕೊಡುವ, ಮೋಟಾರು ಗಾಡಿಯಲ್ಲಿ ಬಡಾವಣೆಗಳಿಗೆ ಪುಸ್ತಕ ಒಯ್ಯುವ ಆ ಸಂಸ್ಥೆಯನ್ನು ದಿಲ್ಲಿಯ ನಮ್ಮ ಓದುಗರು ಬಲ್ಲರು.

ಅವರ ಸಂಸಾರದ ವಿಷಯವಾಗಿ ಎರಡು ಮಾತು. ಬಾಲ್ಯದಲ್ಲಿಯೇ ಕೈಹಿಡಿದ ರುಕ್ಮಿಣಿಯವರು 1928ರಲ್ಲಿ ತಿರುವಳ್ಳಿಕ್ಕೇಣಿಯ ದೇವಸ್ಥಾನದ ಕಲ್ಯಾಣಿಯಲ್ಲಿ ಕಾಲುಜಾರಿ ಮುಳುಗಿ ತೀರಿಕೊಂಡರು. ಗ್ರಂಥಾಲಯ ಸಂಘ ಹುಟ್ಟಿದ, ಐದು ಸೂತ್ರಗಳು ಮೂಡಿದ ವರ್ಷವೇ ಅದು. ಮರುವರ್ಷದ ಕೊನೆಯಲ್ಲಿ ಶಾರದಾ ಅವರನ್ನು ವರಿಸಿದರು. ಮದುವೆಯ ದಿನವೇ ಮಧ್ಯಾಹ್ನ ಗ್ರಂಥಾಲಯಕ್ಕೆ ಕೆಲಸಕ್ಕೆ ಬಂದರೆಂಬ ಕಥೆಯನ್ನು ಶಿಷ್ಯರು ಹೇಳುವುದುಂಟು. ಆ ಕಥೆಯನ್ನು ಕೇಳಿ ನಾವು ಅವರ ಕರ್ತವ್ಯನಿಷ್ಠೆಗೆ ಎಷ್ಟು ತಲೆಬಾಗುತ್ತೇವೆಯೋ ಆ ತಾಯಿಯ ತಾಳ್ಮೆಗೂ ಅಷ್ಟೇ ಬಾಗುತ್ತೇವೆ. ಮನೆಯಲ್ಲಿ ಅತ್ಯಂತ ಸರಳ ಜೀವನ, ಉಳಿದುದೆಲ್ಲ ಉಳಿತಾಯ. ಆ ಉಳಿತಾಯದಿಂದ ಒಂದು ಲಕ್ಷ ರೂಪಾಯಿಗಳನ್ನು, 1950ರ ದಶಕದಲ್ಲಿ ಅದು ಸಣ್ಣ ಮೊತ್ತವಲ್ಲ, ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಗ್ರಂಥಾಲಯ ವಿಜ್ಞಾನದ ಪೀಠವನ್ನು ಪತ್ನಿಯ ಹೆಸರಿನಲ್ಲಿ ಸ್ಥಾಪಿಸಿದರು. 1957ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು.

ಕೆಲವು ವರ್ಷ ಯೂರೋಪಿನ ಜೂರಿಕ್ ನಗರದಲ್ಲಿದ್ದು ಮರಳಿದ ಮೇಲೆ ಜೀವನದ ಕಡೆಯ ಭಾಗವನ್ನು ಕಳೆಯಲು ಅವರು ಆರಿಸಿಕೊಂಡುದು ಬೆಂಗಳೂರನ್ನು. 1962ರಲ್ಲಿ, 70ರ ವಯಸ್ಸಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅಲ್ಲಿ ತೆರೆದರು. 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂಬ ಗೌರವ ಲಭಿಸಿತು. ಅದೇ ವರ್ಷ ಆಗಿನ ಮೈಸೂರು ರಾಜ್ಯವು ತನ್ನ ಸಾರ್ವಜನಿಕ ಗ್ರಂಥಾಲಯ ಶಾಸನವನ್ನು ಮಾಡಿತು. ಕರ ಎತ್ತಿ ಗ್ರಂಥಾಲಯ ನಡೆಸಬೇಕೆಂಬ ಅವರ ಹಳೆಯ ವಾದ ಅದರಲ್ಲಿಯೂ ಸ್ಥಾನ ಪಡೆಯಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ಕಣ್ಮುಚ್ಚಿದರು. ಮಂಗಳೂರಿನಲ್ಲಿ ಮೊದಲಾದ ವೃತ್ತಿಜೀವನ ಬೆಂಗಳೂರಿನಲ್ಲಿ ಮುಗಿಯಿತು.

ಅವರು ಬಿತ್ತಿದುದೆಲ್ಲ ಫಲ ಕೊಟ್ಟಿತೆಂದು ಹೇಳಿದರೆ ಅದು ಸ್ತುತಿಯಾದೀತೇ ಹೊರತು ಸತ್ಯವಾಗದು. ಅವರ ವರ್ಗೀಕರಣವನ್ನು ವಿದ್ವಾಂಸರು ಹೊಗಳಿದರು, ಆದರೆ ನಮ್ಮ ಹೆಚ್ಚಿನ ಗ್ರಂಥಾಲಯಗಳು ಅಮೆರಿಕದ ಡ್ಯೂಯಿಯವರ ಕ್ರಮವನ್ನೇ ಅನುಸರಿಸುತ್ತವೆ. ಶಾಸನಗಳೂ ಎಲ್ಲ ರಾಜ್ಯಗಳಲ್ಲಿ ಒಂದೇ ಬಗೆಯಾಗಿಲ್ಲ. ಮಹಾರಾಷ್ಟ್ರದಲ್ಲಿ 1967ರ ಶಾಸನವು ಗ್ರಂಥಾಲಯ ಕರವನ್ನು ವಿಧಿಸಲಿಲ್ಲ. ಜನರೇ ಕೂಡಿ ನಡೆಸುವ ಗ್ರಂಥಾಲಯಗಳನ್ನು ಮಾನ್ಯಮಾಡಿ ಸಹಾಯಧನ ಕೊಡುವ ಮಾರ್ಗವನ್ನು ಹಿಡಿಯಿತು. ಕರ ಎತ್ತುವ ಕಡೆಗಳಲ್ಲಿ, ಎತ್ತಿದ ಹಣ ಸಕಾಲಕ್ಕೆ ಪುಸ್ತಕವಾಗುವುದಿಲ್ಲವೆಂಬ ದೂರು ಹಳೆಯದು.

ಹಾಗಿದ್ದರೂ ಗಾಡಿ ನಿಂತಿಲ್ಲ. ಕರ್ನಾಟಕದಲ್ಲಿ 2019ರಲ್ಲಿ ಗ್ರಾಮ ಪಂಚಾಯತಿಗಳ 5,600ಕ್ಕೂ ಮಿಕ್ಕ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರ ನವೆಂಬರಿನಲ್ಲಿ, ಕೊರೋನಾ ರೋಗದಿಂದ ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲಿ, ಓದುವ ಬೆಳಕು ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳನ್ನು ಶುಲ್ಕವಿಲ್ಲದೆ ಈ ಗ್ರಂಥಾಲಯಗಳ ಸದಸ್ಯರನ್ನಾಗಿ ಮಾಡಿಕೊಂಡರು. ಅರಿವು ಕೇಂದ್ರವೆಂಬ ಹೊಸ ಹೆಸರೂ ಬಂತು. ಅನೇಕ ಕಡೆ ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರು ಬಂತು. ಗ್ರಂಥಾಲಯವು ಬೆಳೆಯುವ ಮಗುವೆಂಬ ಐದನೆಯ ಸೂತ್ರ ಇಂದಿಗೂ ತನ್ನ ಕೆಲಸವನ್ನು ಮಾಡುತ್ತಿದೆ. ರಜೆಯಲ್ಲಿ ಊರಿಗೆ ಹೋಗುವ ನಮ್ಮ ಓದುಗರು ತಮ್ಮ ಪಂಚಾಯತಿಯ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಮನೆಯ ಮಕ್ಕಳ ಹೆಸರು ಅಲ್ಲಿ ಬರೆಸಿದೆಯೇ ಎಂದು ವಿಚಾರಿಸಲಿ.

ಇನ್ನು ನಾವು ದುಡಿಯುವ ಈ ಶಹರಗಳ ಮಾತು. ನಮ್ಮ ಸಂಘಗಳಲ್ಲಿ ಕನ್ನಡ ಪುಸ್ತಕಗಳಿಲ್ಲವೆಂದಲ್ಲ. ಹಿರಿಯರು ಚಂದಾ ಎತ್ತಿ ಕೊಂಡ ಪುಸ್ತಕಗಳು ಕಪಾಟು ತುಂಬ ಇವೆ. ಕಪಾಟಿನ ಬೀಗದ ಕೈ ಯಾರ ಬಳಿಯಿದೆ, ಅವರು ಬರುವ ಹೊತ್ತು ಯಾವುದು ಎಂಬುದೇ ಪ್ರಶ್ನೆ. ಹೋಟೆಲಿನ ಹುಡುಗನಿಗೆ ಬಿಡುವು ಮಧ್ಯಾಹ್ನ ಮೂರರಿಂದ ಐದು. ಗುಮಾಸ್ತನಿಗೆ ಬಿಡುವು ಭಾನುವಾರ. ಆ ಎರಡು ಹೊತ್ತಿನಲ್ಲಿ ಮುಚ್ಚಿರುವ ಕನ್ನಡ ಗ್ರಂಥಾಲಯ ಯಾರಿಗಾಗಿ ತೆರೆದಿರುವುದೋ ನಾವರಿಯೆವು. ಹುಡುಗರು ಓದುವುದಿಲ್ಲ, ಮೊಬೈಲು ಹಿಡಿದು ಕೂರುತ್ತಾರೆಂದು ದೂರುವ ಹಿರಿಯರು ಆ ಹೊತ್ತಿನಲ್ಲಿ ಅವರ ಕೈಗೆ ಸಿಗುವುದು ಮೊಬೈಲು ಒಂದೇ ಎಂಬುದನ್ನೂ ಆಲೋಚಿಸಬೇಕು.

ಇದಕ್ಕೆ ಎತ್ತಿನ ಗಾಡಿ ಬೇಕಾಗಿಲ್ಲ. ಐವತ್ತು ಪುಸ್ತಕಗಳು ಹಿಡಿಯುವ ಒಂದು ತಗಡಿನ ಪೆಟ್ಟಿಗೆ ಸಾಕು. ಒಂದು ತಿಂಗಳು ಒಂದು ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಅದು ಬೀಗವಿಲ್ಲದೆ ಇರಲಿ. ಮುಂದಿನ ತಿಂಗಳು ನೆರೆಯ ಹೋಟೆಲಿಗೆ ಹೋಗಲಿ. ಯಾರು ಯಾವ ಪುಸ್ತಕ ಒಯ್ದರೆಂದು ಬರೆಯಲು ಹಳೆಯ ಬಿಲ್ಲು ಪುಸ್ತಕದ ಹಿಂಬದಿ ಸಾಕು. ಐವತ್ತರಲ್ಲಿ ಐದು ಕಳೆದುಹೋದಾವು. ಹೋಟೆಲಿನಲ್ಲಿ ಲೋಟ ಒಡೆಯುವುದಿಲ್ಲವೇ? ಒಡೆಯುತ್ತದೆಂದು ಯಾವ ಮಾಲೀಕನೂ ಗಿರಾಕಿಗೆ ಬೊಗಸೆಯಲ್ಲಿ ಚಹಾ ಕೊಟ್ಟದ್ದನ್ನು ನಾವು ಕಂಡಿಲ್ಲ. ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ. ಮಡಿಕೆ ಕೆಡದೆ ಗೆದ್ದಲು ತಿಂದ ಪುಸ್ತಕಕ್ಕಿಂತ ಅದರ ಬಾಳು ಸಾರ್ಥಕ.

ಮಾಲೀಕರಾದ ನಮ್ಮ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ಗಲ್ಲಾದ ಬಳಿ ಅಷ್ಟು ಸ್ಥಳ ಕೊಡಿ. ಸಂಘಗಳ ಪದಾಧಿಕಾರಿಗಳಲ್ಲಿ ವಿನಂತಿ: ಬೀಗದ ಕೈಯನ್ನು ಮಧ್ಯಾಹ್ನ ಮೂರಕ್ಕೆ ಬರಲು ಸಾಧ್ಯವಿರುವವರ ಕೈಗೆ ಕೊಡಿ. ಹುಡುಗರಲ್ಲಿ ವಿನಂತಿ: ಪೆಟ್ಟಿಗೆ ಬಂದ ದಿನ ಸಂಕೋಚಪಡದೆ ಕೈಯಿಟ್ಟು ನೋಡಿ, ನಿಮ್ಮದೊಂದು ಪುಸ್ತಕ ಅದರಲ್ಲಿ ಇದ್ದೇ ಇರುತ್ತದೆಂದು ಬೇಸರದ ನೌಕರಿಯೊಂದನ್ನು ಜೀವನದ ವ್ರತವನ್ನಾಗಿ ಮಾಡಿಕೊಂಡ ಆ ಗಣಿತದ ಮೇಷ್ಟರು ನಂಬಿದ್ದರು. ಮುಂದಿನ ಆಗಸ್ಟ್ 12ರಂದು ಅವರ ಭಾವಚಿತ್ರಕ್ಕೆ ಮಾಲೆ ಹಾಕುವ ಮುನ್ನ ನಮ್ಮ ಕಪಾಟುಗಳಲ್ಲಿ ಒಂದರ ಬೀಗವಾದರೂ ತೆರೆದಿರಲಿ.